ರೂಪಾಯಿ ಪಿಂಚಣಿ, ಡಾಲರ್ ಊರು

ತಿಂಗಳಿಗೆ 38,000 ರೂಪಾಯಿ ಪಿಂಚಣಿ ಅಂದರೆ ದಾವಣಗೆರೆಯಲ್ಲಿ ಸ್ವಂತ ಮನೆಯಿರುವ ವಯಸ್ಸಾದ ದಂಪತಿಗೆ ನೆಮ್ಮದಿಯ ದುಡ್ಡು. ಹಾಲು, ತರಕಾರಿ, ಗ್ಯಾಸು, ಮನೆಗೆಲಸಕ್ಕೆ ಬರುವವಳ ಸಂಬಳ, ಬಿಪಿ ಶುಗರ್ ಮಾತ್ರೆ, ನೆಂಟರಿಷ್ಟರ ಮದುವೆ, ಎಲ್ಲ ಕಳೆದು ಅಂಚೆ ಕಚೇರಿಯ ಆರ್.ಡಿ.ಗೂ ಒಂದಿಷ್ಟು ಉಳಿಯುತ್ತದೆ. ಅದೇ ಹಣವನ್ನು ನಾವೀಗ ಇರುವ ನ್ಯೂಜೆರ್ಸಿಯ ಎಡಿಸನ್‌ಗೆ ತಂದು ಎಣಿಸಿದರೆ ಡಾಲರಿಗೆ 90 ರೂಪಾಯಿಯ ಲೆಕ್ಕದಲ್ಲಿ 420 ಡಾಲರ್ ಚಿಲ್ಲರೆ. ಇಲ್ಲಿ ಸಣ್ಣದೊಂದು ಅಪಾರ್ಟ್‌ಮೆಂಟಿನ ಬಾಡಿಗೆಗೆ ಅದು ಕಾಲು ಭಾಗವೂ ಸಾಲದು.

ಈ ಎರಡು ಲೆಕ್ಕಗಳ ನಡುವೆ ಬದುಕುತ್ತಿರುವ ಕನ್ನಡದ ಹಿರಿಯರು ಈಗ ಕಡಿಮೆಯೇನಿಲ್ಲ. ಮಗನೋ ಮಗಳೋ ಅಮೆರಿಕದ ಪೌರತ್ವ ಪಡೆದರೆ ತಂದೆತಾಯಿಗೆ ಅಲ್ಲೇ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದು, ಅದಕ್ಕೆ ಬೇರೆ ಬಂಧುಗಳ ಅರ್ಜಿಗಳಂತೆ ವರ್ಷಗಟ್ಟಲೆ ಸರದಿ ಕಾಯಬೇಕಿಲ್ಲ. ಹಾಗಾಗಿ ನಿವೃತ್ತಿಯ ಹೊಸ್ತಿಲಲ್ಲಿರುವ ನನ್ನ ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿ ಮೊದಲು ಕೇಳುವುದು ಇದನ್ನೇ: "ಪೆನ್ಷನ್‌ನಾಗೆ ಅಲ್ಲಿ ನಡೀತೈತೇನಕ್ಕಾ?"

ನಡೆಯುವುದಿಲ್ಲ ಎಂದೇ ಹೇಳುತ್ತೇನೆ. ಆದರೆ ಅಲ್ಲಿಗೆ ಮಾತು ನಿಲ್ಲಿಸುವುದಿಲ್ಲ. ಡಾಲರಿನ ಊರಿನಲ್ಲಿ ಸಂಸಾರ ನಡೆಸುವುದಕ್ಕೆ ನಮ್ಮ ಪಿಂಚಣಿ ಯಾವತ್ತೂ ಸಾಲುವುದಿಲ್ಲ. ನಮ್ಮೂರಿನ ಮನೆ, ಅಲ್ಲಿನ ವೈದ್ಯ, ಅಲ್ಲಿನ ನಂಟು, ಬೇಕೆಂದ ದಿನ ವಾಪಸ್ ಹೋಗುವ ಸ್ವಾತಂತ್ರ್ಯ, ಇಷ್ಟನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ ಧಾರಾಳವಾಗಿ ಸಾಲುತ್ತದೆ. ಬಜೆಟ್ ಹಾಕುವುದಿದ್ದರೆ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಬೇಕು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. 2006ರ ಏಪ್ರಿಲ್‌ಗಿಂತ ಮುಂಚೆ ಕೆಲಸಕ್ಕೆ ಸೇರಿದ್ದರಿಂದ ಹಳೆಯ ಪಿಂಚಣಿ ಯೋಜನೆಯಲ್ಲಿದ್ದೇನೆ. ನಿವೃತ್ತಿಯಾದಾಗ ಪಿಂಚಣಿಯ ಮೂರನೇ ಒಂದು ಭಾಗವನ್ನು ಪರಿವರ್ತಿಸಿಕೊಂಡು ಒಟ್ಟಿಗೆ ಹಣ ಪಡೆದೆ. ಹದಿನೈದು ವರ್ಷ ಕಳೆದ ಮೇಲೆ ಆ ಭಾಗ ಮತ್ತೆ ಪಿಂಚಣಿಗೆ ಸೇರುತ್ತದೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ನಮ್ಮಂಥ ಪಿಂಚಣಿದಾರರಿಗೂ ಏರಿಕೆ ಸಿಕ್ಕಿತು. ನಮ್ಮ ಮನೆಯವರು ಹತ್ತಿ ಗಿರಣಿಯಲ್ಲಿದ್ದರು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ಅವರದ್ದೂ ನಿಂತಿತು. ಅವರಿಗೆ ಬರುವುದು ಭವಿಷ್ಯ ನಿಧಿಯ ಇಪಿಎಸ್-95 ಪಿಂಚಣಿ. ಅದಕ್ಕೆ 2014ರಲ್ಲಿ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮಿತಿ ಹಾಕಿದರು, ಇವರದ್ದು ಅದಕ್ಕಿಂತ ಸ್ವಲ್ಪ ಮೇಲೆ ಅಷ್ಟೆ. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. ಜೀವಮಾನವಿಡೀ ಹತ್ತಿಯ ಧೂಳು ಕುಡಿದ ಮನುಷ್ಯನಿಗೆ ಈ ದೇಶ ಕೊಡುವುದು ಇಷ್ಟೇನಾ ಎಂದು ಪ್ರತಿ ತಿಂಗಳು ಪಾಸ್‌ಬುಕ್ ನೋಡುವಾಗ ನನಗೆ ಸಂಕಟವಾಗುತ್ತದೆ.

ತುಟ್ಟಿಭತ್ಯೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನಗೆ ಸಿಗುವ ತುಟ್ಟಿಭತ್ಯೆ ಭಾರತದ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದು. ಅಲ್ಲಿ ಬೇಳೆ ತುಟ್ಟಿಯಾದರೆ ಇದು ಏರುತ್ತದೆ. ನ್ಯೂಜೆರ್ಸಿಯಲ್ಲಿ ಏನು ತುಟ್ಟಿಯಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಇದರ ಮೇಲೆ ರೂಪಾಯಿಯ ಇಳಿತ ಬೇರೆ. 2011ರ ಮಧ್ಯದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅಂದರೆ ಹದಿನಾಲ್ಕು ವರ್ಷ ಚಿಲ್ಲರೆಯಲ್ಲಿ ಒಂದೇ ಮೊತ್ತದ ರೂಪಾಯಿ ಡಾಲರಿನ ಲೆಕ್ಕದಲ್ಲಿ ಅರ್ಧವಾಯಿತು. ಅರವತ್ತಕ್ಕೆ ನಿವೃತ್ತರಾಗಿ ಎಂಬತ್ತೈದರವರೆಗೆ ಬದುಕುತ್ತೇವೆ ಅಂದುಕೊಂಡರೆ ಇಂಥ ಇಳಿತವನ್ನು ಮತ್ತೊಮ್ಮೆ ಕಾಣಬೇಕಾಗಬಹುದು ಎಂದೇ ಲೆಕ್ಕ ಹಾಕಬೇಕು. ಪಿಂಚಣಿಯನ್ನು ತಿಂಗಳು ತಿಂಗಳು ಡಾಲರಿಗೆ ತಿರುಗಿಸಿಕೊಳ್ಳುವುದನ್ನು ನಾವು ಯೋಚಿಸದೇ ಇರುವುದಕ್ಕೆ ಇದೇ ಮೊದಲ ಕಾರಣ.

ಇಲ್ಲಿ ಪಾರ್ಕಿನ ಬೆಂಚುಗಳ ಮೇಲೆ ಸಂಜೆ ಸೇರುವ ಹಿರಿಯರಲ್ಲಿ ತೆಲುಗರಿದ್ದಾರೆ, ಗುಜರಾತಿಗಳಿದ್ದಾರೆ, ನಮ್ಮವರೂ ಇದ್ದಾರೆ. "ಮಕ್ಕಳು ನೋಡ್ಕೊಳ್ತಾರೆ, ನಮಗೆ ಏನು ಖರ್ಚು?" ಎನ್ನುವ ಮಾತು ಎಲ್ಲ ಭಾಷೆಯಲ್ಲೂ ಕೇಳುತ್ತದೆ. ಹಾಸನದ ಕಡೆಯ ಹಿರಿಯರೊಬ್ಬರು ಊರಿನ ಮನೆ ಮಾರಿ, ಮಗನ ಮನೆಯ ಮುಂಗಡಕ್ಕೆ ಸೇರಿಸಿದ್ದಾರೆ. ಮಗ ಸೊಸೆ ಒಳ್ಳೆಯವರು, ಊಟ ಬಟ್ಟೆಗೆ ಕೊರತೆಯಿಲ್ಲ. ಆದರೂ ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಊರಿಗೆ ಹೋಗಬೇಕು ಅನ್ನಿಸಿದೆ. ಹೋದರೆ ಎಲ್ಲಿಗೆ? ತಮ್ಮನ ಮನೆಯಲ್ಲಿ ಹದಿನೈದು ದಿನ, ಅಕ್ಕನ ಮಗಳ ಮನೆಯಲ್ಲಿ ಒಂದು ವಾರ. ಪಿಂಚಣಿ ಬ್ಯಾಂಕಿನಲ್ಲಿ ಬೆಳೆಯುತ್ತಲೇ ಇದೆ, ಅದನ್ನು ಹಾಕಿ ಬದುಕಲು ಜಾಗವಿಲ್ಲ. ಅವರ ಜೊತೆ ಕೂತು ಬಂದ ದಿನ ನಮ್ಮ ಮನೆಯವರೂ ನಾನೂ ಬಹಳ ಹೊತ್ತು ಮಾತಾಡಿದೆವು. ಮನೆ ಮಾರುವ ಮಾತು ನಮ್ಮಲ್ಲಿ ಮತ್ತೆ ಬಂದಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ಖರ್ಚಿಗೆ ಬರುತ್ತೇನೆ: ಆರೋಗ್ಯ. ಅಮೆರಿಕಕ್ಕೆ ಬರುವ ಹಿರಿಯರ ಬಜೆಟ್ ಉಳಿಯುವುದೂ ಮುಳುಗುವುದೂ ಇಲ್ಲೇ. ಇಲ್ಲಿ 65 ತುಂಬಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ ಎಂದು ಎಲ್ಲರೂ ಕೇಳಿರುತ್ತಾರೆ. ಗ್ರೀನ್ ಕಾರ್ಡ್ ಪಡೆದು ಬಂದ ನಮ್ಮಂಥವರು ಅದನ್ನು ಕೊಳ್ಳಬೇಕಾದರೂ ಮೊದಲು ಐದು ವರ್ಷ ಸತತವಾಗಿ ಇಲ್ಲಿನ ನಿವಾಸಿಗಳಾಗಿರಬೇಕು. ಆಮೇಲೂ ಅದು ಪುಕ್ಕಟೆಯಲ್ಲ. ಆಸ್ಪತ್ರೆಯ ಖರ್ಚಿನ ಪಾರ್ಟ್ ಎ ಇಲ್ಲಿ ಸುಮಾರು ಹತ್ತು ವರ್ಷ ದುಡಿದು 40 ಕ್ರೆಡಿಟ್ ಸಂಪಾದಿಸಿದವರಿಗೆ ಮಾತ್ರ ಕಂತಿಲ್ಲದೆ ಸಿಗುತ್ತದೆ. ನಮ್ಮೂರಿನ ಶಾಲೆಯಲ್ಲಿ, ಗಿರಣಿಯಲ್ಲಿ ದುಡಿದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಎರಡೂ ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದವೇ ಆಗಿಲ್ಲ. ಮಗ ಇಲ್ಲಿ ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಅವನ ಕ್ರೆಡಿಟ್ ನಮಗೆ ಬರುವುದಿಲ್ಲ.

2026ರಲ್ಲಿ ಹೀಗೆ ಕೊಳ್ಳುವವರಿಗೆ ಪಾರ್ಟ್ ಎ ಕಂತು ತಿಂಗಳಿಗೆ 565 ಡಾಲರ್. ವೈದ್ಯರ ಭೇಟಿ, ಪರೀಕ್ಷೆಗಳ ಪಾರ್ಟ್ ಬಿ ಕಂತು 202.90 ಡಾಲರ್. ಎರಡೂ ಸೇರಿ ಒಬ್ಬರಿಗೆ 767.90. ಗಂಡ ಹೆಂಡತಿ ಇಬ್ಬರಿಗೆ 1,535.80. ಡಾಲರಿಗೆ 90ರ ಲೆಕ್ಕದಲ್ಲಿ ತಿಂಗಳಿಗೆ 1,38,000 ರೂಪಾಯಿ ದಾಟುತ್ತದೆ. ನನ್ನ 38,000 ರೂಪಾಯಿ ಪಿಂಚಣಿಯ ಮೂರೂವರೆ ಪಟ್ಟಿಗಿಂತ ಹೆಚ್ಚು! ಅದರಲ್ಲಿ ಹಲ್ಲಿನ ಚಿಕಿತ್ಸೆ ಇಲ್ಲ, ಕನ್ನಡಕ ಇಲ್ಲ, ಕಿವಿಗೆ ಹಾಕುವ ಯಂತ್ರವೂ ಇಲ್ಲ. ಔಷಧಿಯ ಪಾರ್ಟ್ ಡಿ ಬೇರೆ.

ಊರಿಂದ ಕೇಳುವವರಿಗೆ ನಾನು ಈ ಅಂಕಿಗಳನ್ನೇ ಬರೆದು ಕಳಿಸುತ್ತೇನೆ. ಬೆದರಿಸುವ ಉದ್ದೇಶವಿಲ್ಲ, ಹೊರಡುವ ಮೊದಲೇ ಮಕ್ಕಳ ಜೊತೆ ಕೂತು ಈ ಮಾತು ಮುಗಿಸಿಕೊಳ್ಳಲಿ ಎಂಬ ಆಸೆ. ನಮ್ಮ ಮನೆಗಳಲ್ಲಿ ದುಡ್ಡಿನ ಮಾತಿಗೆ ಸಂಕೋಚ ಜಾಸ್ತಿ. ಅಮ್ಮ ಅಪ್ಪನಿಗೆ ಏನು ಖರ್ಚಾಗುತ್ತದೆ ಎಂದು ಮಗ ಕೇಳುವುದಿಲ್ಲ, ಹೇಳಿದರೆ ಮಗನಿಗೆ ಭಾರವೆಂದು ಅಪ್ಪ ಅಮ್ಮ ಹೇಳುವುದಿಲ್ಲ. ಆದರೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವಾಗ ಮಗ ಐ-864 ಎಂಬ ಪತ್ರಕ್ಕೆ ಸಹಿ ಹಾಕಿರುತ್ತಾನೆ: ಇವರ ಜೀವನೋಪಾಯಕ್ಕೆ ನಾನು ಹೊಣೆ ಎಂದು. ನಾವು ಪೌರರಾಗುವವರೆಗೆ, ಅಥವಾ 40 ಕ್ರೆಡಿಟ್ ಗಳಿಸುವವರೆಗೆ, ಅಥವಾ ಶಾಶ್ವತವಾಗಿ ಹಿಂದಿರುಗುವವರೆಗೆ ಆ ಹೊಣೆ ಕಾನೂನಿನಲ್ಲೇ ಇರುತ್ತದೆ. ಅಷ್ಟು ದೊಡ್ಡ ಜವಾಬ್ದಾರಿ ಹೊತ್ತವನಿಗೆ ಅದರ ಅಂಕಿಯೂ ಗೊತ್ತಿರಬೇಕು.

ಮೊದಲ ಐದು ವರ್ಷ ಏನು ಮಾಡುವುದು? ಮಾರ್ಕೆಟ್‌ಪ್ಲೇಸ್ ಎಂದು ಕರೆಯುವ ವ್ಯವಸ್ಥೆಯಲ್ಲಿ ಗ್ರೀನ್ ಕಾರ್ಡ್ ಇರುವ ಹಿರಿಯರೂ ಖಾಸಗಿ ವಿಮೆ ಕೊಳ್ಳಬಹುದು. ಮೊದಲೇ ಇದ್ದ ಕಾಯಿಲೆಯ ನೆಪ ಹೇಳಿ ನಿರಾಕರಿಸುವಂತಿಲ್ಲ, ಅದು ಅದರ ದೊಡ್ಡ ಗುಣ. ಆದರೆ ವಯಸ್ಸಾದವರ ಕಂತು ಇಪ್ಪತ್ತೊಂದರ ಹುಡುಗರ ಕಂತಿನ ಮೂರು ಪಟ್ಟಿನವರೆಗೂ ಹೋಗುತ್ತದೆ. ಬಡತನ ರೇಖೆಗಿಂತ ಕಡಿಮೆ ಆದಾಯ ತೋರಿಸುವ ಹೊಸ ವಲಸಿಗರಿಗೆ ಸಿಗುತ್ತಿದ್ದ ಫೆಡರಲ್ ಸಹಾಯಧನ 2026ರಿಂದ ನಿಂತಿದೆ, ನಮ್ಮಂಥ ಸಣ್ಣ ಪಿಂಚಣಿಯವರಿಗೆ ನೇರವಾಗಿ ತಟ್ಟುವ ಪೆಟ್ಟು ಅದು. ಬರೀ ಸಂದರ್ಶಕ ವೀಸಾದಲ್ಲಿ ಬರುವವರು ಪ್ರವಾಸಿ ವಿಮೆ ಕೊಳ್ಳುತ್ತಾರೆ. ಅಂಥ ಬಹುತೇಕ ಪಾಲಿಸಿಗಳು ಹಳೆಯ ಬಿಪಿ, ಶುಗರ್, ಹೃದಯದ ತೊಂದರೆಗೆ ಸಂಬಂಧಿಸಿದ ಮಾಮೂಲಿ ಚಿಕಿತ್ಸೆಯನ್ನು ಹೊರಗಿಡುತ್ತವೆ. ಕೊಳ್ಳುವ ಮುಂಚೆ ಆ ಒಂದು ಸಾಲನ್ನಾದರೂ ಮಗಳ ಹತ್ತಿರ ಓದಿಸಿ ಕೇಳಿ. ಆದಾಯಕ್ಕೆ ತಕ್ಕಂತೆ ಶುಲ್ಕ ತೆಗೆದುಕೊಳ್ಳುವ ಸಮುದಾಯ ಆರೋಗ್ಯ ಕೇಂದ್ರಗಳೂ ಈ ದೇಶದಲ್ಲಿವೆ. ನಮ್ಮ ಬೆಂಚಿನ ಎಷ್ಟೋ ಜನಕ್ಕೆ ಅದು ಗೊತ್ತೇ ಇರಲಿಲ್ಲ, ಅಲ್ಲಿ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ನನ್ನ ಹತ್ತಿರ ಒಂದು ಉದ್ದನೆ ನೋಟ್‌ಬುಕ್ ಇದೆ, ಶಾಲೆಯಲ್ಲಿ ಅಂಕ ಬರೆಯುತ್ತಿದ್ದಂಥದ್ದು. ಪ್ರತಿ ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದೇನೆ. ಎಡಗಡೆ ರೂಪಾಯಿ, ಬಲಗಡೆ ಡಾಲರ್. ಎಡಗಡೆಯದನ್ನು ಬಲಗಡೆಗೆ ತಿರುಗಿಸಿ ಬರೆಯುವುದಿಲ್ಲ, ಬಲಗಡೆಯದನ್ನು ಎಡಗಡೆಗೂ ಅಷ್ಟೆ. ಒಂದು ಕೊತ್ತಂಬರಿ ಕಟ್ಟು ಇಲ್ಲಿ ಎಷ್ಟು ರೂಪಾಯಿ ಆಯಿತು ಎಂದು ಲೆಕ್ಕ ಹಾಕುತ್ತಾ ಕೂತರೆ ಊಟ ರುಚಿಸುವುದಿಲ್ಲ, ಸೊಸೆಗೂ ನೋವಾಗುತ್ತದೆ. ಎರಡು ದೇಶದ ಎರಡು ಬದುಕು, ಎರಡಕ್ಕೂ ಬೇರೆ ಬೇರೆ ಆದಾಯ ಎಂದು ಇಟ್ಟುಕೊಂಡ ಮೇಲೆ ಮನಸ್ಸು ಹಗುರವಾಯಿತು.

ಎಡಗಡೆಯ ಪಟ್ಟಿ ಉದ್ದ. ಮಹಾನಗರ ಪಾಲಿಕೆಯ ಆಸ್ತಿ ತೆರಿಗೆಯನ್ನು ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ, ಹಾಗಾಗಿ ಅದಕ್ಕೆ ಮಾರ್ಚ್‌ನಲ್ಲೇ ಹಣ ತೆಗೆದಿಡುತ್ತೇನೆ. ಬೆಸ್ಕಾಂ ಬಿಲ್ಲು, ನೀರಿನ ಬಿಲ್ಲು. ಸಂಪು ತೊಳೆಸಿ, ಮಳೆಗಾಲಕ್ಕೆ ಮುಂಚೆ ತಾರಸಿಯ ಕಸ ತೆಗೆಸುವ ಪಕ್ಕದ ಮನೆ ಹುಡುಗನಿಗೆ ತಿಂಗಳಿಗಿಷ್ಟು. ಒಟಿಪಿ ಬರುವ ಮೊಬೈಲ್ ನಂಬರಿನ ರೀಚಾರ್ಜು. ಈ ಒಂದು ಸಣ್ಣ ಬಾಬ್ತು ತಪ್ಪಿ ಸಿಮ್ ಸತ್ತರೆ ಬ್ಯಾಂಕಿನ ಬಾಗಿಲೇ ಮುಚ್ಚಿದ ಹಾಗೆ. ಮುಯ್ಯಿ: ತಂಗಿಯ ಮೊಮ್ಮಗಳ ಮದುವೆ, ಪಕ್ಕದ ಮನೆಯ ಗೃಹಪ್ರವೇಶ. ದೂರವಿದ್ದೇವೆಂದು ಮುಯ್ಯಿ ಬಿಡಬಾರದು ಎನ್ನುವುದು ನನ್ನ ಗಟ್ಟಿ ನಂಬಿಕೆ. ಅಮೆರಿಕದ ಮೊಬೈಲ್ ನಂಬರಿಗೇ ನಮ್ಮ ಎನ್‌ಆರ್‌ಒ ಎಂಬ ಅನಿವಾಸಿಗಳ ಬ್ಯಾಂಕ್ ಖಾತೆ ಜೋಡಿಸಿ ಯುಪಿಐ ಮಾಡಲು 2023ರಿಂದ ಅವಕಾಶವಾಗಿದೆ, ಮದುವೆಯ ದಿನ ಬೆಳಿಗ್ಗೆಯೇ ದುಡ್ಡು ಹೋಗುತ್ತದೆ.

ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿರುವುದು ಭಾರತದ ಆರೋಗ್ಯ ವಿಮೆಯ ಕಂತು. "ಇಲ್ಲಿರುವಾಗ ಅಲ್ಲಿನ ವಿಮೆ ಯಾಕಮ್ಮ?" ಎಂದು ಮಗ ಕೇಳಿದ್ದ. ಪಾಲಿಸಿ ಒಮ್ಮೆ ಬಿಟ್ಟರೆ ಮತ್ತೆ ಹೊಸದಾಗಿ ಕೊಳ್ಳಬೇಕು, ಹಳೆಯ ಕಾಯಿಲೆಗಳಿಗೆ ಮತ್ತೆ ಮೂರು ವರ್ಷದವರೆಗೆ ಕಾಯಿಸಬಹುದು. ಎಪ್ಪತ್ತರ ಮೇಲೆ ಹಾಗೆ ಕಾಯುವ ಧೈರ್ಯ ನನಗಿಲ್ಲ. 65 ದಾಟಿದವರಿಗೂ ಪಾಲಿಸಿ ಕೊಡುವಂತೆ 2024ರ ಏಪ್ರಿಲ್‌ನಿಂದ ವಯಸ್ಸಿನ ಮಿತಿ ತೆಗೆದಿದ್ದಾರೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿಯೂ ಹೋಗಿದೆ. ಹೀಗಾಗಿ ಈಗ ಅದನ್ನು ಬಿಡದೆ ನಡೆಸುವುದು ಮೊದಲಿಗಿಂತ ಸಲೀಸು. ಊರಿಗೆ ಹಿಂದಿರುಗಿದ ದಿನ ಆಸ್ಪತ್ರೆಯ ಬಾಗಿಲಲ್ಲಿ ಮಗನ ಫೋನಿಗೆ ಕಾಯದೆ ಒಳಗೆ ಹೋಗಬಹುದು ಅನ್ನುವುದಿದೆಯಲ್ಲ, ನನಗೆ ಆ ಕಂತು ಅದಕ್ಕೇ.

ಬ್ಯಾಂಕು, ತೆರಿಗೆಯ ವಿಷಯದಲ್ಲಿ ಹೊರಡುವ ಮುಂಚೆ ತಿಳಿದಿರಬೇಕಾದದ್ದು ಸ್ವಲ್ಪ ಇದೆ. ಅನಿವಾಸಿಯಾದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅನಿವಾಸಿಗಳು ಹೊಸದಾಗಿ ಹಣ ಇಡುವಂತಿಲ್ಲ. ಎನ್‌ಆರ್‌ಒ ಠೇವಣಿಯ ಬಡ್ಡಿಯ ಮೇಲೆ ಶೇ. 30 ಮತ್ತು ಸೆಸ್ ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು, ಆದರೆ ಸಲ್ಲಿಸಲೇಬೇಕು. ಇನ್ನೊಂದು ವಿಷಯವಿದೆ, ಇದು ಬಹಳ ಜನರಿಗೆ ತಿಳಿಯದು: 12 ಲಕ್ಷದವರೆಗೆ ತೆರಿಗೆಯಿಲ್ಲ ಎಂದು 2025ರ ಬಜೆಟ್‌ನಲ್ಲಿ ಘೋಷಿಸಿದ್ದು ನಿವಾಸಿಗಳಿಗೆ ಸಿಗುವ ರಿಯಾಯಿತಿಯ ಬಲದಿಂದ. ಅನಿವಾಸಿಗೆ ಹೊಸ ಪದ್ಧತಿಯಲ್ಲಿ 4 ಲಕ್ಷದ ಮೂಲ ವಿನಾಯಿತಿ ಮಾತ್ರ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ಮಾತ್ರ ನಮ್ಮಂಥ ಸಣ್ಣ ಆದಾಯದ ಅನಿವಾಸಿಗಳು ಆ ವರ್ಷಕ್ಕೆ ನಿವಾಸಿ. ಅಮೆರಿಕದ ಕಡೆಯಿಂದ ನೋಡಿದರೆ, ಗ್ರೀನ್ ಕಾರ್ಡ್ ಬಂದ ಮೇಲೆ ಭಾರತದ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದ್ದರೆ ಎಫ್‌ಬಿಎಆರ್ ಎಂಬ ವರದಿ ಕೊಡಬೇಕು. ಅದು ತೆರಿಗೆಯಲ್ಲ, ಬರೀ ಮಾಹಿತಿ. ಕೊಡದಿದ್ದರೆ ದಂಡ ಮಾತ್ರ ಭಾರಿ. ಒಂಬತ್ತು ಲಕ್ಷ ರೂಪಾಯಿ ಅಂದರೆ ನಿವೃತ್ತ ಶಿಕ್ಷಕರೊಬ್ಬರ ಗ್ರಾಚ್ಯುಟಿ ಠೇವಣಿಯೊಂದೇ ಅದನ್ನು ಮೀರುತ್ತದೆ.

ನವೆಂಬರ್ ಬಂತೆಂದರೆ ಲೈಫ್ ಸರ್ಟಿಫಿಕೇಟಿನ ಕೆಲಸ. ಬದುಕಿದ್ದೇವೆ ಎಂದು ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ದೂತಾವಾಸಕ್ಕೆ ಹೋಗಿ ಸಹಿ ಹಾಕಿಸಿಕೊಳ್ಳುವ ದಾರಿಯಿದೆ. 2021ರಿಂದ ಮೊಬೈಲಿನಲ್ಲೇ ಮುಖ ತೋರಿಸಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಲೈಫ್ ಸರ್ಟಿಫಿಕೇಟ್ ಮಾಡುವ ಸೌಲಭ್ಯವೂ ಬಂದಿದೆ. ಹೋದ ನವೆಂಬರಿನಲ್ಲಿ ಮಗ ಫೋನ್ ಹಿಡಿದು ನಿಂತ, ನಮ್ಮ ಮನೆಯವರು ಸೋಫಾದ ತುದಿಗೆ ಬಂದು ಬೆನ್ನು ನೆಟ್ಟಗೆ ಮಾಡಿ ಕೂತರು. ಕನ್ನಡಕ ತೆಗೆಯಿರಿ ಎಂದ, ತೆಗೆದರು. ಕಣ್ಣು ಮಿಟುಕಿಸಿ ಎಂದ, ಅವರು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ಹಾಗೇ ಕೂತರು. ಪೊರೆ ಆಪರೇಷನ್ ಆದ ಎಡಗಣ್ಣಿನ ಮೇಲೆ ದೀಪದ ಬೆಳಕು ಮಿನುಗಿ ಫೋನು ಒಪ್ಪಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಮತ್ತೆ ಹಿಡಿದಾಗ ಹಸಿರು ಗೆರೆ ಮುಖದ ಸುತ್ತ ತಿರುಗಿ ನಂಬರು ಬಂತು. ಆ ನಂಬರನ್ನು ಅವರು ತಮ್ಮ ಕೈಯಿಂದಲೇ ನೋಟ್‌ಬುಕ್ಕಿನ ಎಡಗಡೆ ಬರೆದರು. ಬರುವುದು ಸಾವಿರ ಚಿಲ್ಲರೆಯಾದರೂ ಅದು ಅವರು ದುಡಿದ ದುಡ್ಡು.

ಬಲಗಡೆಯ ಪಟ್ಟಿ ಚಿಕ್ಕದು. ಊಟ, ಮನೆ, ಫೋನು, ವಿಮೆ ಮಗನದು. ಗ್ರಂಥಾಲಯ ಉಚಿತ, ಅಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವ ತರಗತಿಗೂ ದುಡ್ಡಿಲ್ಲ. ನ್ಯೂಜೆರ್ಸಿ ಟ್ರಾನ್ಸಿಟ್ ಬಸ್ಸು ರೈಲಿನಲ್ಲಿ 62 ದಾಟಿದವರಿಗೆ ರಿಯಾಯಿತಿ ದರ, ಹಾಗಾಗಿ ಯಾರನ್ನೂ ಕಾಯದೆ ಓಕ್ ಟ್ರೀ ರಸ್ತೆಯ ಅಂಗಡಿಗಳಿಗೆ ನಾವೇ ಹೋಗಿ ಬರುತ್ತೇವೆ. ಕೈಖರ್ಚಿಗೆಂದು ಊರಿಂದ ಬರುವಾಗ ಸ್ವಲ್ಪ ಡಾಲರ್ ತಂದುಕೊಳ್ಳುತ್ತೇವೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಪುಸ್ತಕ, ದೇವಸ್ಥಾನದ ಹುಂಡಿ, ಗೆಳತಿಯರ ಜೊತೆ ಒಂದು ಕಾಫಿ, ಅಷ್ಟೆ. ಮಗನ ದುಡ್ಡಿನಲ್ಲಿ ಮಗನ ಮಗಳಿಗೆ ಉಡುಗೊರೆ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಇಲ್ಲಿ ಒಂದು ಮಾತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗಳನ್ನು ಶಾಲೆ ಬಸ್ಸಿನಿಂದ ಇಳಿಸಿಕೊಂಡು ಬಂದು ಸಂಜೆವರೆಗೆ ನೋಡಿಕೊಳ್ಳುವವರು ನಾವು. ಅಷ್ಟು ಹೊತ್ತಿಗೆ ಹೊರಗಿನವರನ್ನು ಇಟ್ಟುಕೊಂಡರೆ ಈ ಊರಿನಲ್ಲಿ ತಿಂಗಳಿಗೆ ನನ್ನ ಪಿಂಚಣಿಗಿಂತ ಹೆಚ್ಚೇ ಆಗುತ್ತದೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ, ಮಗನಿಗೆ ಲೆಕ್ಕವೂ ಒಪ್ಪಿಸುವುದಿಲ್ಲ. ಆದರೆ ಬೆಂಚಿನ ಮೇಲೆ ಕೂತು "ನಾವು ಮಕ್ಕಳಿಗೆ ಭಾರ" ಎಂದು ಯಾರಾದರೂ ಕಣ್ಣಲ್ಲಿ ನೀರು ತಂದುಕೊಂಡಾಗ ಅವರಿಗೆ ಈ ಲೆಕ್ಕವನ್ನು ತಪ್ಪದೆ ಹೇಳುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಊರಿಗೆ ಹೊರಡುತ್ತೇವೆ. ಡಿಸೆಂಬರಿನ ರಜೆಯ ಗಲಾಟೆ ಮುಗಿದಿರುತ್ತದೆ, ಟಿಕೆಟ್ ದರ ಇಳಿದಿರುತ್ತದೆ. ಯುಗಾದಿ ಅಲ್ಲೇ. ಹಲ್ಲು, ಕಣ್ಣು, ರಕ್ತ ಪರೀಕ್ಷೆ, ಎಲ್ಲ ದಾವಣಗೆರೆಯಲ್ಲೇ ಮಾಡಿಸಿಕೊಂಡು ಬಸವ ಜಯಂತಿ ಮುಗಿಸಿ ಬರುತ್ತೇವೆ. ಮೂರು ತಿಂಗಳಿಗಾಗುವಷ್ಟು ಮಾತ್ರೆ, ವೈದ್ಯರ ಚೀಟಿಯ ಜೊತೆ. ಆರು ತಿಂಗಳು ಮೀರಿ ಹೊರಗಿದ್ದರೆ ಇಲ್ಲಿನ ವಲಸೆ ಅಧಿಕಾರಿಗಳು ಪ್ರಶ್ನೆ ಕೇಳುತ್ತಾರೆ, ಮರುಪ್ರವೇಶ ಪರವಾನಗಿ ಇಲ್ಲದೆ ವರ್ಷ ಮೀರಿದರೆ ಗ್ರೀನ್ ಕಾರ್ಡಿಗೇ ಕುತ್ತು. ಆದ್ದರಿಂದ ಆ ಗಡಿಯಿಂದ ದೂರವೇ ಇರುತ್ತೇವೆ. ವರ್ಷಕ್ಕೊಮ್ಮೆ ಇಬ್ಬರ ಟಿಕೆಟ್‌ಗೆಂದು ಪಿಂಚಣಿಯಿಂದ ತಿಂಗಳು ತಿಂಗಳು ಎತ್ತಿಡುತ್ತೇನೆ, ಎಡಗಡೆ ಪಟ್ಟಿಯ ಅತಿ ದೊಡ್ಡ ಬಾಬ್ತು ಅದೇ.

ಬೇರೆ ದೇಶಗಳ ಲೆಕ್ಕ ಬೇರೆ. ಕೆನಡಾದಲ್ಲಿ ಮಗಳಿರುವ ನನ್ನ ಸಹೋದ್ಯೋಗಿ ಅಲ್ಲಿ ತಂದೆತಾಯಿಗೆ ಕೊಡುವ ಸೂಪರ್ ವೀಸಾದಲ್ಲಿ ಹೋಗಿದ್ದಾರೆ. ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು, ಆದರೆ ಕನಿಷ್ಠ 1,00,000 ಕೆನಡಾ ಡಾಲರ್ ರಕ್ಷಣೆಯ ಒಂದು ವರ್ಷದ ವಿಮೆ ಮೊದಲೇ ಕೊಂಡಿರಬೇಕು. ಆಸ್ಟ್ರೇಲಿಯಾದಲ್ಲಿ ತಂದೆತಾಯಿಗೆ ಶಾಶ್ವತವಾಗಿ ನೆಲೆಸಲು ಕೊಡುವ ಕಾಂಟ್ರಿಬ್ಯೂಟರಿ ವೀಸಾಗೆ ತಲಾ 40,000 ಆಸ್ಟ್ರೇಲಿಯನ್ ಡಾಲರಿಗೂ ಮಿಕ್ಕಿದ ಶುಲ್ಕವಿದೆ, ವರ್ಷಗಟ್ಟಲೆ ಕಾಯಬೇಕು ಕೂಡ. ಎಲ್ಲಿ ಹೋದರೂ ಪಿಂಚಣಿ ಒಂದರಿಂದ ಆಗುವ ಕೆಲಸವಲ್ಲ.

ಲೆಕ್ಕ ಹಾಕುವಾಗ ಇಬ್ಬರಲ್ಲಿ ಒಬ್ಬರು ಮಾತ್ರ ಉಳಿಯುವ ಕಾಲವನ್ನೂ ಹಿಡಿಯಬೇಕು. ನನ್ನ ಪಿಂಚಣಿ ಕೊನೆಯ ವೇತನದ ಅರ್ಧದ ಮೇಲೆ ನಿಂತಿದೆ. ನನ್ನ ನಂತರ ನಮ್ಮ ಮನೆಯವರಿಗೆ ಬರುವ ಕುಟುಂಬ ಪಿಂಚಣಿ ಅದೇ ವೇತನದ ಶೇ. 30. ನೂರು ಬರುತ್ತಿದ್ದಲ್ಲಿ ಅರವತ್ತು. ಆ ಅರವತ್ತರಲ್ಲಿ ದಾವಣಗೆರೆಯ ಮನೆಯಲ್ಲಿ ಒಬ್ಬರು ಅಡುಗೆಯವರನ್ನಿಟ್ಟುಕೊಂಡು ಬದುಕಬಹುದೇ ಎಂದು ಕೂತು ಬರೆದು ನೋಡಿದ್ದೇವೆ. ಬದುಕಬಹುದು, ಮನೆ ನಮ್ಮದಾಗಿರುವವರೆಗೆ. ಬ್ಯಾಂಕಿನ ಕಾಗದ, ಪಿಂಚಣಿ ಆದೇಶದ ಪಿಪಿಒ ಪುಸ್ತಕ, ವಿಮೆಯ ಪಾಲಿಸಿ, ಇ-ಖಾತಾ, ಎಲ್ಲದರ ಪ್ರತಿ ಒಂದು ಕಡತದಲ್ಲಿ ಮಗನ ಹತ್ತಿರ, ಇನ್ನೊಂದು ಊರಿನಲ್ಲಿ ನನ್ನ ತಮ್ಮನ ಹತ್ತಿರ ಇವೆ. ಭಾರತದ ಆಸ್ತಿಗೆ ಅಲ್ಲಿಯೇ ಉಯಿಲು ಬರೆದು ನೋಂದಣಿ ಮಾಡಿಸಿದ್ದೇವೆ.

ಮುಂದಿನ ವರ್ಷ ನಮಗೆ ಇಲ್ಲಿ ಐದು ವರ್ಷ ತುಂಬುತ್ತದೆ, ಮೆಡಿಕೇರ್ ಬಾಗಿಲು ತೆರೆಯುತ್ತದೆ. ಪಾರ್ಟ್ ಎ ಬಿಟ್ಟು ಪಾರ್ಟ್ ಬಿ ಒಂದನ್ನೇ ಕೊಳ್ಳಲು ಅವಕಾಶವಿದೆ. ತಡಮಾಡಿದರೆ ಪ್ರತಿ ಹನ್ನೆರಡು ತಿಂಗಳಿಗೆ ಕಂತು ಶೇ. 10ರಷ್ಟು ಏರಿ ಹಾಗೇ ಉಳಿಯುತ್ತದೆ. 2026ರ ದರದಲ್ಲಿ ಇಬ್ಬರ ಪಾರ್ಟ್ ಬಿ ತಿಂಗಳಿಗೆ 405.80 ಡಾಲರ್, ಹೆಚ್ಚುಕಡಿಮೆ ನನ್ನ ಇಡೀ ಪಿಂಚಣಿ. ಹೋದ ಭಾನುವಾರ ಮಗ, ಸೊಸೆ, ನಾವಿಬ್ಬರು ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿಟ್ಟು ಕೂತೆವು. ಪಾರ್ಟ್ ಬಿ ಮಗ ಕಟ್ಟುವುದು, ಆಸ್ಪತ್ರೆಯ ವಿಮೆಗೆ ಏನು ದಾರಿ ಎಂದು ಸೊಸೆ ವಿಚಾರಿಸಿ ನೋಡುವುದು, ಟಿಕೆಟ್ ಮತ್ತು ಊರಿನ ಮನೆ ನಮ್ಮದು ಎಂದು ಒಪ್ಪಂದವಾಯಿತು. ನಮ್ಮಿಬ್ಬರಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದು, ಪ್ರಯಾಣ ಮಾಡುವಷ್ಟು ಶಕ್ತಿಯಿದ್ದರೆ ಚಿಕಿತ್ಸೆ ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಆಗಲಿ ಎಂದು ನಾನು ಹೇಳಿದೆ. ಮಗ ಸುಮ್ಮನಿದ್ದ. ಸೊಸೆ, "ಅತ್ತೆ, ಹಾಗಾದರೆ ನಿಮ್ಮ ಜೊತೆ ಯಾರು ಬರಬೇಕು, ಎಷ್ಟು ದಿನ ಇರಬೇಕು ಅನ್ನೋದನ್ನೂ ಈಗಲೇ ಬರೆದುಬಿಡೋಣ" ಅಂದಳು. ಅದಕ್ಕೆ ಇನ್ನೊಂದು ಪುಟ ಬೇಕಾಯಿತು. ಆ ಪುಟದಲ್ಲಿ ಅವಳ ರಜೆಗಳ ಪಟ್ಟಿ ಇದೆ, ಮಗನ ರಜೆಗಳದ್ದೂ ಇದೆ, ಕೆಳಗೆ ನನ್ನ ತಮ್ಮನ ಫೋನ್ ನಂಬರು.